ದೀಪದ ಸುತ್ತ ಎರಡು ಕೈ

ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡುಗಳ ಜೊತೆ ಟ್ರಂಕಿನ ತಳದಲ್ಲಿ ಜೋಪಾನವಾಗಿರುವ ಎಲ್‌ಐಸಿ ಬಾಂಡನ್ನು ಬಿಡಿಸಿದರೆ ಒಂದು ಚಿತ್ರ ಕಾಣುತ್ತದೆ: ದೀಪಕ್ಕೆ ಗಾಳಿ ತಾಗದಂತೆ ಮರೆ ಹಿಡಿದ ಎರಡು ಕೈ. ವಿಮಾ ಕಂಪನಿಯ ಸಾಮಾಜಿಕ ಹೊಣೆ ಎಂದಾಗ ಇಂದು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನೆನಪಾಗುತ್ತದೆ. ಆ ಕೈಗಳು ಯಾರ ದೀಪವನ್ನು ಕಾಯಬೇಕು ಎಂಬ ಪ್ರಶ್ನೆಯಾದರೋ ಬಹಳ ಹಳೆಯದು.

1818ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಓರಿಯೆಂಟಲ್ ಕಂಪನಿ ನೋಡಿಕೊಂಡದ್ದು ಮುಖ್ಯವಾಗಿ ಯುರೋಪಿಯನ್ನರನ್ನು. ಆ ಕಾಲದ ವಿದೇಶಿ ಕಂಪನಿಗಳು ಭಾರತೀಯರಿಗೆ ವಿಮೆ ಕೊಟ್ಟರೂ ಹೆಚ್ಚಿನ ಕಂತು ವಸೂಲು ಮಾಡುತ್ತಿದ್ದವು. ಬಾಂಬೆ ಮ್ಯೂಚುವಲ್ ಸೊಸೈಟಿ 1870ರಲ್ಲಿ ಭಾರತೀಯರಿಗೂ ಸಾಮಾನ್ಯ ದರವನ್ನೇ ಅನ್ವಯಿಸಿ ಈ ತಾರತಮ್ಯ ಮುರಿಯಿತು. ಮೈಸೂರು ಸಂಸ್ಥಾನ 1891ರಲ್ಲಿ ತನ್ನ ನೌಕರರಿಗೆ ಜೀವವಿಮೆ ತಂದಿತು. ರಾಜ್ಯ ಸರ್ಕಾರಿ ನೌಕರರ ಸಂಬಳದಲ್ಲಿ ಇಂದಿಗೂ ಹಿಡಿಯುವ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಕಂತಿನ ಮೂಲ ಅದು.

ಸ್ವಾತಂತ್ರ್ಯದ ಹೊತ್ತಿಗೆ ಕಂಪನಿಗಳೇನೋ ಹೆಚ್ಚಿದ್ದವು, ನಂಬಿಕೆ ಕುಸಿದಿತ್ತು. ಪಾಲಿಸಿದಾರರು ಕೂಡಿಟ್ಟ ಹಣವನ್ನು ಕೆಲವು ಮಾಲೀಕರು ಸ್ವಂತ ಉದ್ಯಮಗಳಿಗೆ ಹರಿಸಿದ್ದರು. 1956ರ ಜನವರಿ 19ರಂದು ಅರ್ಥಸಚಿವ ಸಿ.ಡಿ. ದೇಶಮುಖರು ಆಕಾಶವಾಣಿಯಲ್ಲಿ ಜೀವವಿಮೆಯ ರಾಷ್ಟ್ರೀಕರಣ ಘೋಷಿಸಿದರು. 245 ಸಂಸ್ಥೆಗಳು ಒಂದಾಗಿ, ಸೆಪ್ಟೆಂಬರ್ 1ರಂದು 5 ಕೋಟಿ ರೂಪಾಯಿ ಬಂಡವಾಳದ ಜೀವವಿಮಾ ನಿಗಮ (ಎಲ್‌ಐಸಿ) ತಲೆಯೆತ್ತಿತು. ಹಳ್ಳಿಗೂ ಹಿಂದುಳಿದವರಿಗೂ ಕೈಗೆಟುಕುವ ದರದಲ್ಲಿ ವಿಮೆ ಮುಟ್ಟಿಸುವುದು ಅದರ ಗುರಿಗಳಲ್ಲೇ ಸೇರಿತ್ತು.

ಆದರೆ ವರ್ಷ ತುಂಬುವ ಮೊದಲೇ ಕೈ ನಡುಗಿತು. 1957ರ ಜೂನ್‌ನಲ್ಲಿ, ಹೂಡಿಕೆ ಸಮಿತಿಯನ್ನು ಬದಿಗಿಟ್ಟು, ನಿಗಮ ಉದ್ಯಮಿ ಹರಿದಾಸ್ ಮುಂಧ್ರಾ ಅವರ ಆರು ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಸುರಿಯಿತು. ಸಂಸದ ಫಿರೋಜ್ ಗಾಂಧಿ ಈ ಹೂಡಿಕೆಗೆ ಉತ್ತರ ಕೊಡಿ ಎಂದು ಲೋಕಸಭೆಯಲ್ಲಿ ಪಟ್ಟು ಹಿಡಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬೊಂಬಾಯಿಯಲ್ಲಿ ಬಾಗಿಲು ತೆರೆದಿಟ್ಟೇ ವಿಚಾರಣೆ ನಡೆಸಿದರು. ಜನ ಕಿಕ್ಕಿರಿದು ಬಂದು ಕೇಳಿದರು. ವಿಚಾರಣೆಗೆ ಬಂದದ್ದು ಅವರದೇ ಉಳಿತಾಯವಲ್ಲವೇ! ಕೊನೆಗೆ 1958ರಲ್ಲಿ ಆಗಿನ ಅರ್ಥಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

2000ರಲ್ಲಿ ಖಾಸಗಿ ಕಂಪನಿಗಳಿಗೆ ಮತ್ತೆ ಬಾಗಿಲು ತೆರೆದಾಗ ವಿಮಾ ನಿಯಂತ್ರಣ ಪ್ರಾಧಿಕಾರ ಷರತ್ತು ಹಾಕಿತು: ಹಳ್ಳಿಗಳಲ್ಲಿ ಇಂತಿಷ್ಟು ಪಾಲಿಸಿ ಮಾಡಲೇಬೇಕು, ದುರ್ಬಲ ವರ್ಗದಲ್ಲಿ ಮೊದಲ ವರ್ಷ 5,000 ಮಂದಿಗೆ, ಐದನೇ ವರ್ಷಕ್ಕೆ 20,000 ಮಂದಿಗೆ ವಿಮೆ ಒದಗಿಸಬೇಕು. ಆ ನಿಯಮ ಹೆಸರಿಸಿದ ಕಸುಬುಗಳನ್ನು ಓದುವಾಗ ಮನಸ್ಸು ತುಂಬಿಬರುತ್ತದೆ. ಬೀಡಿ ಕಟ್ಟುವವರು, ಹಮಾಲರು, ಹಪ್ಪಳ ಮಾಡುವವರು, ಚಪ್ಪಲಿ ಹೊಲಿಯುವವರು, ಕಬ್ಬು ಕಡಿಯುವವರು, ರೇಷ್ಮೆ ಕೆಲಸದವರು, ತರಕಾರಿ ಮಾರುವವರು. ಒಂದು ಕಾಲಕ್ಕೆ ವಿಮಾ ಏಜೆಂಟರು ಹೆಜ್ಜೆಯಿಡದಿದ್ದ ಮನೆಗಳು ಇವು.

ಸಿಎಸ್‌ಆರ್ ಕಾನೂನಾದದ್ದು 2013ರ ಕಂಪನಿ ಕಾಯ್ದೆಯಿಂದ. ಅದರ ಮಿತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ತಮ್ಮ ನಿತ್ಯದ ವ್ಯವಹಾರವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಹಾಗಾಗಿ ವಿಮಾ ಕಂಪನಿ ಕಟ್ಟಿಸಿಕೊಟ್ಟ ಶಾಲಾ ಕೊಠಡಿ ಸಿಎಸ್‌ಆರ್ ಪುಸ್ತಕದಲ್ಲಿ ಸೇರುತ್ತದೆ. ಅದೇ ಶಾಲೆಯಲ್ಲಿ ಓದುವ ಮಗುವಿನ, ಬೀಡಿ ಕಟ್ಟುವ ತಾಯಿಯ ಪಾಲಿಸಿ ಎಂದಿನ ವ್ಯಾಪಾರದ ಪುಸ್ತಕದಲ್ಲೇ ಉಳಿಯುತ್ತದೆ.