ಮೊಳಕಾಲ್ಮೂರಿನ ಲಿಪಿಕಾರನೂ ಅಚ್ಚಿನ ಪುಟವೂ

ಚಿತ್ರದುರ್ಗದ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಧರ್ಮಲಿಪಿಯು 13 ಸಾಲುಗಳಲ್ಲಿ ಕೆತ್ತಲ್ಪಟ್ಟಿರುವುದು ವಿದ್ವಾಂಸರಿಗೆಲ್ಲ ವಿದಿತವಾದ ವಿಷಯವೇ ಆಗಿದೆ. ಆ ಶಾಸನದ ಕೊನೆಯಲ್ಲಿ ಅದನ್ನು ಬರೆದವನು ತನ್ನ ಹೆಸರು ಚಪಡನೆಂದೂ ತಾನು ಲಿಪಿಕಾರನೆಂದೂ ಹೇಳಿಕೊಂಡಿದ್ದಾನೆ. ಶಾಸನದ ಉಳಿದ ಭಾಗವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮೀಲಿಪಿಯಲ್ಲಿರಲು, ‘ಲಿಪಿಕರೇಣ’ ಎಂಬ ಪದವೊಂದು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠೀಲಿಪಿಯಲ್ಲಿದೆ. ಖರೋಷ್ಠಿಯು ಭರತಖಂಡದ ವಾಯವ್ಯ ಭಾಗದಲ್ಲಿ ಬಳಕೆಯಲ್ಲಿದ್ದ ಲಿಪಿಯಾದುದರಿಂದ, ಚಪಡನು ಆ ಸೀಮೆಯಲ್ಲಿ ಕೆಲಸಮಾಡಿ ಬಂದವನಿರಬೇಕೆಂದು ಪಂಡಿತರು ಊಹಿಸಿರುತ್ತಾರೆ. ಈ ಊಹೆಗೆ ಆಧಾರವಾದುದು ಶಾಸನದ ಅರ್ಥವಲ್ಲ, ಅಕ್ಷರಗಳ ರೂಪ. ಇದೇ ಸಾಲನ್ನು ಪತ್ರಿಕೆಯೊಂದರಲ್ಲಿ ಕನ್ನಡದ ಅಕ್ಷರಗಳಿಂದ ಒಂದೇ ಸಮನಾಗಿ ಅಚ್ಚುಮಾಡಿಬಿಟ್ಟರೆ ಅರ್ಥಕ್ಕೆ ಯಾವ ಕುಂದೂ ಬಾರದು. ಆದರೆ ಚಪಡನು ಎಲ್ಲಿಂದ ಬಂದವನೆಂಬುದಕ್ಕೆ ಇದ್ದ ಒಂದೇ ಸಾಕ್ಷ್ಯವು ಆ ಪುಟದಿಂದ ಮಾಯವಾಗುವುದು. ವಿದ್ವತ್ಪತ್ರಿಕೆಯ ಪುಟವನ್ನು ಕಟ್ಟುವ ಕ್ರಮವು ಅಲಂಕಾರದ ವಿಷಯವಲ್ಲ, ಪ್ರಮಾಣದ ವಿಷಯವೆಂಬುದನ್ನು ಮೊಳಕಾಲ್ಮೂರು ಮತ್ತು ಚಳ್ಳಕೆರೆಯ ಶಾಸನಗಳ ಮೂಲಕ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳೂ ಒಂದಕ್ಕೊಂದು ಸಮೀಪದಲ್ಲಿರುವುವು. ಇಲ್ಲಿಯ ಅಶೋಕ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದರು. ಅದರ ಮೇಲೆ ಏನು ಬರೆದಿದೆಯೆಂಬುದು ಮರೆತುಹೋಗಿದ್ದರೂ, ಬರೆದಿರುವುದು ಅಕ್ಷರವೆಂಬ ನೆನಪು ಜನರ ಬಾಯಲ್ಲಿ ಉಳಿದಿದ್ದುದು ಗಮನಾರ್ಹವಾಗಿದೆ. ರೈಸ್ ಅವರು ಅದೇ ವರ್ಷ ಈ ಶಾಸನಗಳನ್ನು ಕುರಿತು ವರದಿಯೊಂದನ್ನು ಪ್ರಕಟಿಸಿದರು. ಬಳಿಕ ಬ್ಯೂಲರ್ ಪಂಡಿತರು ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿಯೂ, ಹುಲ್ಟ್ಷ್ ಪಂಡಿತರು 1925ರಲ್ಲಿ ಹೊರಬಂದ ಅಶೋಕ ಶಾಸನಗಳ ಮಹಾಸಂಪುಟದಲ್ಲಿಯೂ ಇವನ್ನು ಸಂಪಾದಿಸಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಈ ಆಜ್ಞೆಯನ್ನು ಕಳುಹಿಸಿದರೆಂದು ಶಾಸನದಿಂದ ತಿಳಿದುಬರುತ್ತದೆ. ಹೀಗೆ ಒಂದೇ ಪಾಠವು ಬಂಡೆಯಿಂದ ಕಾಗದಕ್ಕೂ, ಒಂದು ಅಚ್ಚುಕೂಟದಿಂದ ಇನ್ನೊಂದಕ್ಕೂ ಪದೇ ಪದೇ ಇಳಿದುಬಂದಿತು.

ಈ ಇಳಿತದಲ್ಲಿ ಯಾವುದನ್ನು ಕಾಪಾಡಬೇಕು? ಖರೋಷ್ಠಿಯ ಪದವನ್ನು ಮೇಲೆ ಹೇಳಿದ್ದಾಯಿತು. ಎರಡನೆಯದು ಅಂಕಿಗಳು. ಇದೇ ಶಾಸನದಲ್ಲಿ 256 ಎಂಬ ಸಂಖ್ಯೆಯು ಬರುತ್ತದೆ. ಆದರೆ ಬಂಡೆಯ ಮೇಲಿರುವುದು ನಾವು ಇಂದು ಬರೆಯುವ ಸ್ಥಾನಕ್ರಮದ ಮೂರು ಅಂಕಿಗಳಲ್ಲ. 200ಕ್ಕೆ ಒಂದು ಚಿಹ್ನೆ, 50ಕ್ಕೆ ಒಂದು, 6ಕ್ಕೆ ಒಂದು. ಆದಕಾರಣವೇ ಎಚ್ಚರಿಕೆಯುಳ್ಳ ಸಂಪಾದಕರು ಅದನ್ನು ‘200 50 6’ ಎಂದು ಬಿಡಿಸಿ ಅಚ್ಚುಮಾಡಿದ್ದಾರೆ. ಈ ಸಂಖ್ಯೆಯು ಬುದ್ಧನಿರ್ವಾಣದಿಂದ ಎಣಿಸಿದ ವರ್ಷಗಳೆಂದು ಮೊದಲು ಕೆಲವರು ವಾದಿಸಿದರು. ರಾಜನು ಪ್ರವಾಸದಲ್ಲಿ ಕಳೆದ ರಾತ್ರಿಗಳೆಂಬ ಅಭಿಪ್ರಾಯವು ಅನಂತರ ನೆಲೆಗೊಂಡಿತು. ಅರ್ಥವು ಹೀಗೆ ಬದಲಾದರೂ ಪಾಠವು ಕೆಡಲಿಲ್ಲ. ವ್ಯಾಖ್ಯಾನವನ್ನು ಪಾಠದೊಳಕ್ಕೆ ನುಸುಳಗೊಡದಿದ್ದುದೇ ಅದಕ್ಕೆ ಕಾರಣ. ಶೂನ್ಯವೂ ಸ್ಥಾನಕ್ರಮವೂ ಇಲ್ಲದ ಕಾಲದ ಗಣನೆಯನ್ನು ಅರಿಯಬಯಸುವ ವಿದ್ಯಾರ್ಥಿಗೆ ಆ ಮೂರು ಅಂಕಿಗಳ ನಡುವಣ ತೆರಪೇ ಮುಖ್ಯವಾದ ಆಧಾರವಾಗುವುದು.

ಮೂರನೆಯದು, ಮತ್ತು ಎಲ್ಲಕ್ಕಿಂತ ಮಿಗಿಲಾದುದು, ಕಂಸಗಳು. ಜಟಿಂಗ ರಾಮೇಶ್ವರದ ಶಾಸನವು ಬಹಳ ಸವೆದುಹೋಗಿದೆ. ಅಲ್ಲಿ ಕಾಣದ ಅಕ್ಷರಗಳನ್ನು ಬ್ರಹ್ಮಗಿರಿ ಮತ್ತು ಸಿದ್ದಾಪುರಗಳ ಪಾಠದಿಂದ ತುಂಬಿಕೊಳ್ಳುವುದು ಸಾಧ್ಯ, ನ್ಯಾಯವೂ ಹೌದು. ಹಾಗೆ ತುಂಬಿದುದನ್ನು ಚೌಕಕಂಸದಲ್ಲಿಯೋ ನಕ್ಷತ್ರ ಚಿಹ್ನೆಯೊಡನೆಯೋ ತೋರಿಸುವುದು ಶಾಸನ ಸಂಪಾದಕರ ಮರ್ಯಾದೆ. ಈ ಚಿಹ್ನೆಗಳು ಅಚ್ಚಿನಲ್ಲಿ ಉದುರಿಹೋದರೆ ಏನಾಗುವುದು? ಜಟಿಂಗ ರಾಮೇಶ್ವರದ ಬಂಡೆಯು ತಾನು ನುಡಿಯದ ಮಾತನ್ನು ನುಡಿದಂತಾಗುವುದು. ಒಬ್ಬ ಸಾಕ್ಷಿಯ ಹೇಳಿಕೆಯನ್ನು ಇನ್ನೊಬ್ಬನ ಬಾಯಲ್ಲಿಟ್ಟು, ಇಬ್ಬರೂ ಒಂದೇ ಮಾತನ್ನಾಡಿದರೆಂದು ತೀರ್ಮಾನಿಸಿದ ಹಾಗೆ. ಮೂರು ಪ್ರತಿಗಳಿರುವುದರಿಂದ ನಮಗೆ ದೊರೆತಿರುವ ಬಲವೆಲ್ಲವೂ ಆ ಸಣ್ಣ ಕಂಸಗಳ ಮೇಲೆ ನಿಂತಿದೆ.

ಇನ್ನು ಕನ್ನಡ ಶಾಸನಗಳ ಮಾತು. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೊಂದನೆಯ ಸಂಪುಟವು 1903ರಲ್ಲಿ ಪ್ರಕಟವಾಯಿತು. ಚಿತ್ರದುರ್ಗದ ಜಿಲ್ಲೆಯ ಇತರ ತಾಲ್ಲೂಕುಗಳೊಡನೆ ಮೊಳಕಾಲ್ಮೂರು, ಚಳ್ಳಕೆರೆಗಳ ಶಾಸನಗಳೂ ಅದರಲ್ಲಿ ಅಡಕವಾಗಿವೆ. ಪ್ರತಿ ತಾಲ್ಲೂಕಿಗೂ ಪ್ರತ್ಯೇಕವಾದ ಅನುಕ್ರಮ ಸಂಖ್ಯೆ. ಶಾಸನದ ಪಾಠವು ಕನ್ನಡ ಲಿಪಿಯಲ್ಲಿ ಒಂದು ಸಲ, ರೋಮನ್ ಲಿಪಿಯಲ್ಲಿ ಒಂದು ಸಲ. ಇವುಗಳೊಡನೆ ಇಂಗ್ಲಿಷ್ ಅನುವಾದ. ಇದು ಆ ಗ್ರಂಥಮಾಲೆಯ ಕಟ್ಟು. ಇದರಿಂದ ಎರಡು ಉಪಕಾರಗಳಾದುವು. ನಾಡಿನ ಓದುಗನಿಗೆ ತನ್ನ ಊರಿನ ಕಲ್ಲು ತನ್ನ ಲಿಪಿಯಲ್ಲಿಯೇ ದೊರಕಿತು. ಹೊರನಾಡಿನ ವಿದ್ವಾಂಸನಿಗೆ ರೋಮನ್ ಪಾಠವು ದೊರಕಿತು. ತಾಲ್ಲೂಕಿನ ಹೆಸರನ್ನೂ ಸಂಖ್ಯೆಯನ್ನೂ ಹೇಳಿದೊಡನೆ ಯಾರು ಬೇಕಾದರೂ ಆ ಶಾಸನವನ್ನು ತೆರೆದು ನೋಡಬಹುದಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತರಲು ತೊಡಗಿದ ಮೇಲೂ ಹಳೆಯ ಸಂಖ್ಯೆಗಳು ಲೇಖನಗಳಲ್ಲಿ ಉಳಿದುಕೊಂಡಿವೆ.

ಆದರೆ ಕನ್ನಡ ಲಿಪಿಯಲ್ಲಿ ಅಚ್ಚಾದುದೆಲ್ಲವೂ ಕಲ್ಲಿನ ಮೇಲಿದ್ದಂತೆಯೇ ಇರುವುದೆಂದು ಭಾವಿಸಲಾಗದು. ಹಳೆಯ ಶಾಸನಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬರವಣಿಗೆಯಲ್ಲಿ ಭೇದವಿಲ್ಲ. ಇಂದಿನ ಅಚ್ಚಿನಲ್ಲಿ ಕಾಣುವ ದೀರ್ಘದ ಗುರುತು ಸಂಪಾದಕನು ಛಂದಸ್ಸನ್ನೂ ವ್ಯಾಕರಣವನ್ನೂ ನೋಡಿ ಕೊಟ್ಟುದು. ಅಶೋಕನ ಪ್ರಾಕೃತವನ್ನು ಕನ್ನಡ ಲಿಪಿಗೆ ತರುವಾಗಲೂ ಇದೇ ತೊಡಕುಂಟು. ಬ್ರಾಹ್ಮಿಯಲ್ಲಿ ಇರುವುದು ಒಂದೇ ಎಕಾರ. ‘ಲಿಪಿಕರೇಣ’ ಎಂದು ದೀರ್ಘವಾಗಿ ಬರೆಯುವುದು ನಮ್ಮ ರೂಢಿ. ಇದಕ್ಕೆ ಪ್ರತಿಯಾಗಿ, ಕಲ್ಲಿನ ಮೇಲಿರುವ ಭೇದವನ್ನು ಅಚ್ಚು ಅಳಿಸಿಹಾಕುವ ಸಂದರ್ಭಗಳೂ ಉಂಟು. ಹಳಗನ್ನಡದಲ್ಲಿ ‘ಆಳ್’ ಎಂದರೆ ರಾಜ್ಯವಾಳು, ‘ಆೞ್’ ಎಂದರೆ ಮುಳುಗು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಅಚ್ಚುಕೂಟದ ಪೆಟ್ಟಿಗೆಯಲ್ಲಿ ೞಕಾರ ಱಕಾರಗಳ ಮೊಳೆಯಿಲ್ಲವೆಂದು ಳಕಾರ ರಕಾರಗಳನ್ನು ಜೋಡಿಸಿದರೆ ಆಳಿದವನೂ ಮುಳುಗಿದವನೂ ಒಂದೇ ಆಗಿಬಿಡುವರು. ಈ ಅಕ್ಷರಗಳು ಯಾವ ಕಾಲದಲ್ಲಿ ಬಳಕೆ ತಪ್ಪಿದುವೆಂಬುದರಿಂದಲೇ ತೇದಿಯಿಲ್ಲದ ವೀರಗಲ್ಲುಗಳ ಕಾಲವನ್ನು ಊಹಿಸುವ ರೂಢಿಯಿರುವುದರಿಂದ, ಇಲ್ಲಿಯ ತಪ್ಪು ಕಾಗುಣಿತದ ತಪ್ಪಾಗಿ ನಿಲ್ಲದೆ ಚರಿತ್ರೆಯ ತಪ್ಪಾಗಿ ಪರಿಣಮಿಸುವುದು.

ಮೊಳೆಗಳ ಕಾಲದ ಕಷ್ಟವನ್ನೂ ನಾವು ಮರೆಯಬಾರದು. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟು, ಮರುವರ್ಷ ಮೊಳೆಯಚ್ಚಿನ ಸಲುವಾಗಿ ಬಳ್ಳಾರಿಗೆ ಹೋಯಿತು. ಮೊಳಕಾಲ್ಮೂರಿನ ನೆರೆಯದೇ ಆದ ಆ ಪಟ್ಟಣದಲ್ಲಿ ಅದು ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಳೆಯಿತು. ಅಲ್ಲಿಂದ ಅರ್ಧ ಶತಮಾನ ಕಳೆಯುವಷ್ಟರಲ್ಲಿ, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟವು ಕಿಟ್ಟೆಲರ ನಿಘಂಟನ್ನು ಅಚ್ಚುಹಾಕುವಷ್ಟು ಸಮರ್ಥವಾಗಿತ್ತು. ಕನ್ನಡಕ್ಕೆ ಗುಣಿತ ಒತ್ತಕ್ಷರಗಳಿಂದಾಗಿ ನೂರಾರು ಬಗೆಯ ಮೊಳೆಗಳು ಬೇಕು. ಅದರ ಜೊತೆಗೆ ಮೇಲೆ ಗೆರೆ, ಕೆಳಗೆ ಚುಕ್ಕೆಯುಳ್ಳ ರೋಮನ್ ಅಕ್ಷರಗಳು, ಸಾಲಿನ ಸಂಖ್ಯೆ, ಕಂಸ, ಅಡಿಟಿಪ್ಪಣಿ. ಕರಡಿನಲ್ಲಿ ಒಂದು ಸಾಲು ಹೆಚ್ಚಾದರೆ ಅಡಿಟಿಪ್ಪಣಿಯು ಮುಂದಿನ ಪುಟಕ್ಕೆ ಸರಿಯುವುದು. ಜೋಡಿಸುವವನು ಕಟ್ಟಿದ ಪುಟಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಗುವುದು. ಆ ಹಳೆಯ ಸಂಪುಟಗಳ ಪುಟಗಳಲ್ಲಿ ಹೆಸರಿಲ್ಲದ ಅನೇಕ ಲಿಪಿಕಾರರ ಶ್ರಮವು ಅಡಗಿದೆ. ಚಪಡನಿಗಾದರೋ ತನ್ನ ಹೆಸರನ್ನು ಕೆತ್ತುವ ಅವಕಾಶವಿತ್ತು. ಇವರಿಗೆ ಅದೂ ಇರಲಿಲ್ಲ.

ಈಗ ಮೊಳೆಗಳು ಹೋಗಿ ಗಣಕವು ಬಂದಿದೆ. ಅಮೆರಿಕದ ಡೊನಾಲ್ಡ್ ಕ್ನೂತ್ ಎಂಬ ಗಣಕಶಾಸ್ತ್ರಜ್ಞರು ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡನ್ನು 1977ರಲ್ಲಿ ಕಂಡು, ಅಚ್ಚಿನ ಅಂದಗೇಡಿಗೆ ಬೇಸತ್ತು, ‘ಟೆಕ್’ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ತಾವೇ ನಿರ್ಮಿಸಲಾರಂಭಿಸಿದರು. ಲೆಸ್ಲಿ ಲ್ಯಾಂಪೋರ್ಟ್ ಅವರು ಅದರ ಮೇಲೆ ‘ಲೇಟೆಕ್’ ಎಂಬುದನ್ನು ಕಟ್ಟಿದರು. ಗಣಿತ, ಭೌತವಿಜ್ಞಾನಗಳ ಪತ್ರಿಕೆಗಳಲ್ಲಿ ಇದು ಸರ್ವಸಾಮಾನ್ಯವಾಗಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ವಿಜ್ಞಾನಿಗಳ ಲೇಖನಗಳಿಗೆ ಹೊಂದಿಬಂದ ಈ ಸಾಧನವು ನೆರೆಯ ಬ್ರಹ್ಮಗಿರಿಯ ಬಂಡೆಯ ಪಾಠಕ್ಕೂ ಅಷ್ಟೇ ಹೊಂದಿಬರುವುದೆಂಬುದು ನಮ್ಮ ಅಭಿಪ್ರಾಯ.

ಅದಕ್ಕೆ ಕಾರಣವಿದು. ಸಾಮಾನ್ಯವಾದ ಬರಹದ ತಂತ್ರಾಂಶದಲ್ಲಿ ಲೇಖಕನು ಅಕ್ಷರವನ್ನು ಓರೆ ಮಾಡುತ್ತಾನೆ, ದಪ್ಪ ಮಾಡುತ್ತಾನೆ, ಕಂಸ ಹಾಕುತ್ತಾನೆ; ಏಕೆ ಮಾಡಿದನೆಂಬುದು ಅವನ ಮನಸ್ಸಿನಲ್ಲಿಯೇ ಉಳಿಯುವುದು. ಟೆಕ್ ಕ್ರಮದಲ್ಲಿ ಅವನು ‘ಇದು ಸವೆದ ಅಕ್ಷರ’, ‘ಇದು ನಾನು ತುಂಬಿದುದು’, ‘ಇದು ಖರೋಷ್ಠಿಯ ಪದ’, ‘ಇಲ್ಲಿ ಕಲ್ಲಿನ ಸಾಲು ಮುಗಿಯಿತು’ ಎಂದು ಆಜ್ಞೆಗಳ ಮೂಲಕ ಗುರುತಿಸಬಲ್ಲನು. ಆ ಗುರುತು ಪುಟದ ಮೇಲೆ ಹೇಗೆ ಕಾಣಬೇಕೆಂಬುದನ್ನು ಪತ್ರಿಕೆಯು ಬೇರೆಯಾಗಿ, ಒಂದೇ ಕಡೆಯಲ್ಲಿ ನಿರ್ಣಯಿಸುವುದು. ಪತ್ರಿಕೆಯ ಕ್ರಮವು ನಾಳೆ ಬದಲಾದರೂ ಲೇಖಕನ ತೀರ್ಮಾನವು ಅಳಿಯದು. ಅಡಿಟಿಪ್ಪಣಿಗಳೂ ಸಾಲಿನ ಸಂಖ್ಯೆಗಳೂ ತಾವಾಗಿಯೇ ತಮ್ಮ ಸ್ಥಾನವನ್ನು ಹಿಡಿಯುವುವು. 2004ರಲ್ಲಿ ಬಂದ ‘ಜೀಟೆಕ್’ ಎಂಬ ರೂಪವು ಯೂನಿಕೋಡ್ ಅಕ್ಷರಗಳನ್ನು ನೇರವಾಗಿ ಸ್ವೀಕರಿಸುವುದರಿಂದ ಕನ್ನಡಕ್ಕೆ ಇದ್ದ ಅಡ್ಡಿಯೂ ಬಹುಮಟ್ಟಿಗೆ ನಿವಾರಣೆಯಾಗಿದೆ. ಖರೋಷ್ಠಿಯು 2005ರಲ್ಲಿಯೂ ಬ್ರಾಹ್ಮಿಯು 2010ರಲ್ಲಿಯೂ ಯೂನಿಕೋಡಿಗೆ ಸೇರಿದುವು. ಆದುದರಿಂದ ಚಪಡನ ಕೊನೆಯ ಸಾಲನ್ನು, ಎರಡು ಲಿಪಿಗಳಲ್ಲಿ, ಎರಡು ದಿಕ್ಕುಗಳಲ್ಲಿ, ಕನ್ನಡ ಲೇಖನವೊಂದರ ನಡುವೆಯೇ ಅಚ್ಚುಮಾಡುವುದು ಈಗ ಸಾಧ್ಯವಾಗಿದೆ.

ಇಷ್ಟರಿಂದಲೇ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ೞಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದ್ದರೂ ಅದರ ಇಂಗ್ಲಿಷ್ ಹೆಸರು ತಪ್ಪಾಗಿ ‘ಫ’ ಎಂದು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮದಿಂದ ಆ ತಪ್ಪು ಹಾಗೆಯೇ ನಿಂತಿದೆ. ಕಲ್ಲಿನ ಮೇಲಿನ ತಪ್ಪಿನಂತೆ ಇದನ್ನೂ ಟಿಪ್ಪಣಿಯಿಂದ ತಿಳಿಸಬೇಕೇ ಹೊರತು ತಿದ್ದಲಾಗದು. ಇದಕ್ಕಿಂತ ದೊಡ್ಡ ಅಪಾಯವು ಹಳೆಯ ಗಣಕ ಬರಹಗಳಲ್ಲಿದೆ. ಯೂನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಲೇಖನಗಳನ್ನು ಪರಿವರ್ತಿಸುವಾಗ ಸಂಕೇತಗಳು ಹೊಂದದೆ ಅಪರೂಪದ ಅಕ್ಷರಗಳು ಮೊದಲು ಕೆಡುವುವು. ೞಕಾರ, ಱಕಾರ, ಚುಕ್ಕೆಯುಳ್ಳ ರೋಮನ್ ಅಕ್ಷರ, ನಕ್ಷತ್ರ ಚಿಹ್ನೆ, ಇವೇ ಆ ಅಪರೂಪದವು. ಸಾಮಾನ್ಯ ವಾಕ್ಯಗಳು ಸರಿಯಾಗಿರುವುದರಿಂದ ಕರಡು ತಿದ್ದುವವನ ಕಣ್ಣಿಗೆ ಈ ನಷ್ಟವು ಬೀಳುವುದಿಲ್ಲ.

ಛಾಯಾಚಿತ್ರವನ್ನು ಕೊಟ್ಟ ಮೇಲೆ ಇಷ್ಟೆಲ್ಲ ಶ್ರಮವೇಕೆಂದು ಕೆಲವರು ಕೇಳಬಹುದು. ಛಾಯಾಚಿತ್ರವು ಅವಶ್ಯವೇ, ಆದರೆ ಅದು ಕಲ್ಲನ್ನು ತೋರಿಸುವುದೇ ಹೊರತು ಸಂಪಾದಕನು ಅದನ್ನು ಹೇಗೆ ಓದಿದನೆಂಬುದನ್ನು ತೋರಿಸಲಾರದು. ಆಂಧ್ರದ ಎರ್ರಗುಡಿಯ ಅಶೋಕ ಶಾಸನದಲ್ಲಿ ಕೆಲವು ಸಾಲುಗಳು ಬಲದಿಂದ ಎಡಕ್ಕೆ ಹರಿಯುತ್ತವೆ. ಯಾವ ಸಾಲು ಯಾವ ದಿಕ್ಕಿನದೆಂಬುದನ್ನು ಪಾಠದಲ್ಲಿ ಗುರುತಿಸದೆ ಬಿಟ್ಟರೆ ಚಿತ್ರದ ಮುಂದೆ ಕುಳಿತ ಓದುಗನು ದಿಕ್ಕುಗಾಣದವನಾಗುವನು. ಓದಿಗೂ ಕಲ್ಲಿಗೂ ನಡುವೆ ಸೇತುವೆಯಾಗತಕ್ಕುದು ಕ್ರಮವಾಗಿ ಕಟ್ಟಿದ ಪಾಠವೇ.

ಆದಕಾರಣ ಶಾಸನಗಳನ್ನೂ ಹಳಗನ್ನಡ ಪಾಠಗಳನ್ನೂ ಪ್ರಕಟಿಸುವ ನಮ್ಮ ಪತ್ರಿಕೆಗಳು ಮೂರು ನಿಯಮಗಳನ್ನಾದರೂ ಅಂಗೀಕರಿಸುವುದು ಉಚಿತ. ಕಲ್ಲಿನಲ್ಲಿರುವುದನ್ನೂ ಸಂಪಾದಕನು ಸೇರಿಸಿದುದನ್ನೂ ಬೇರೆ ಬೇರೆ ಗುರುತುಗಳಿಂದ ತೋರಿಸುವುದು. ಆ ಗುರುತುಗಳ ಅರ್ಥವನ್ನು ಪ್ರತಿ ಸಂಚಿಕೆಯಲ್ಲಿಯೂ ಅಚ್ಚುಮಾಡುವುದು. ಪುಟದ ರೂಪವನ್ನಷ್ಟೇ ಅಲ್ಲದೆ ಅದಕ್ಕೆ ಮೂಲವಾದ ಗುರುತುಸಹಿತ ಬರಹವನ್ನೂ ಸಂಘದ ಭಂಡಾರದಲ್ಲಿ ಉಳಿಸುವುದು. ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಶಾಸನದ ಪಾಠವನ್ನು ಬರೆಸುವಾಗ ಕಂಸಗಳನ್ನು ಬಿಡದೆ ಬರೆಸಿದರೆ ಅರ್ಧ ಕೆಲಸವು ಅಲ್ಲಿಯೇ ಆದಂತೆ. ಬ್ರಹ್ಮಗಿರಿಯ ಲಿಪಿಕಾರನು ಚಕ್ರವರ್ತಿಯ ಮಾತನ್ನು ಚಕ್ರವರ್ತಿಯದೆಂದೂ ತನ್ನ ಮಾತನ್ನು ತನ್ನದೆಂದೂ ಬೇರೆಯಾಗಿ ಬರೆದು, ತನ್ನದಾದ ಪದಕ್ಕೆ ಬೇರೆ ಲಿಪಿಯನ್ನೇ ಬಳಸಿದನು. ಅವನ ಬರಹವನ್ನು ಅಚ್ಚಿಗಿಳಿಸುವ ನಾವು ಅಷ್ಟು ಎಚ್ಚರವನ್ನಾದರೂ ವಹಿಸಬೇಕಾಗಿದೆ.