ಪಿಸಿಓಎಸ್‌ಗೂ ಒಂದು ಇತಿಹಾಸ ಅದ

ಭಾಗ 1

ಹಿಸ್ಟರಿ ಪೇಜಿನ್ಯಾಗ ಇದೇನು ಹೆಂಗಸರ ಆಸ್ಪತ್ರೆ ವಿಷಯ ಅಂತ ಸ್ಕ್ರೋಲ್ ಮಾಡಿ ಹೋಗಬ್ಯಾಡ್ರಿ. ರಾಯಚೂರು ಕೋಟೆ, ಮಸ್ಕಿ ಶಾಸನ ಓದಿದವರು ಇದನ್ನೂ ಓದ್ರಿ. ಜಗತ್ತಿನಲ್ಲಿ ಹೆಚ್ಚುಕಡಿಮೆ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಪಿಸಿಓಎಸ್ ಇರ್ತದ. ನಿಮ್ಮ ಕ್ಲಾಸಿನ ಹುಡುಗಿಯರನ್ನ ಎಣಿಸಿಕೊಳ್ರಿ. ಅವರಲ್ಲಿ ಯಾರೋ ಒಬ್ಬಾಕಿ ಮದುವೆಯಾಗಿ ಮಾನ್ವಿಗೋ ದೇವದುರ್ಗಕ್ಕೋ ಹೋಗ್ತಾಳ, ಎರಡು ವರ್ಷಕ್ಕ ‘ಇನ್ನೂ ಏನೂ ವಿಶೇಷ ಇಲ್ಲೇನು’ ಅಂತ ಕೇಳೋರು ಶುರು ಮಾಡ್ತಾರ.

ಈ ಪ್ರಶ್ನೆ ಭಾಳ ಹಳೇದು. ಕಾಶ್ಯಪ ಸಂಹಿತೆಯಲ್ಲಿ ‘ಪುಷ್ಪಘ್ನೀ’ ಅಂತ ಒಂದು ಹೆಸರು ಬರ್ತದ. ಮುಟ್ಟು ಬಂದರೂ ಫಲವಿಲ್ಲ, ಗಲ್ಲ ದಪ್ಪ, ಗಲ್ಲದ ಮೇಲೆ ಕೂದಲು. ಇದೇ ಪಿಸಿಓಎಸ್ ಅಂತ ಈಗ ಕೆಲವರು ಹೇಳ್ತಾರ. ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಯಾಕಂದ್ರ ಅಲ್ಲಿ ಮುಟ್ಟು ಸಮಯಕ್ಕೆ ಸರಿಯಾಗಿ ಬರ್ತದ, ಪಿಸಿಓಎಸ್‌ನಲ್ಲಿ ಸಾಮಾನ್ಯವಾಗಿ ಅದೇ ತಪ್ಪೋದು. ಆದರೆ ದಪ್ಪ ಮೈ, ಗಲ್ಲದ ಕೂದಲು, ಮಕ್ಕಳಾಗದಿರುವುದು, ಈ ಮೂರನ್ನೂ ಒಬ್ಬ ಹೆಂಗಸಿನಲ್ಲಿ ಒಟ್ಟಿಗೆ ಗಮನಿಸಿದವರು ಆಗಲೇ ಇದ್ದರು ಅನ್ನೋದಂತೂ ಖರೆ. ಕಾರಣ ಮಾತ್ರ ರೇವತಿ ಅನ್ನೋ ಗ್ರಹದ ತಲೆಗೆ ಕಟ್ಟಿದ್ದರು.

ಮನುಸ್ಮೃತಿ ಕಾರಣವನ್ನೂ ಹುಡುಕಲಿಲ್ಲ. ಮಕ್ಕಳಾಗದ ಹೆಂಡತಿ ಇದ್ದರೆ ಎಂಟನೇ ವರ್ಷಕ್ಕೆ ಗಂಡ ಇನ್ನೊಬ್ಬಳನ್ನು ತರಬಹುದು ಅಂತ ಬರೆದಿಟ್ಟಿತು. 1955ರ ಹಿಂದೂ ವಿವಾಹ ಕಾಯ್ದೆ ಬಂದ ಮೇಲೆ ಎರಡನೇ ಮದುವೆ ಅಪರಾಧ ಆಯ್ತು. ಕಾನೂನು ಬದಲಾಯಿತು, ‘ಬಂಜೆ’ ಅನ್ನೋ ಶಬ್ದ ಉಳೀತು. ಇವತ್ತಿಗೂ ಕುಬಸದ ಮನೆಯಲ್ಲಿ ಉಡಿ ತುಂಬುವಾಗ ಯಾರನ್ನ ಮುಂದೆ ಕರೀತಾರ, ಯಾರು ತಾವಾಗಿಯೇ ಹಿಂದೆ ಸರೀತಾರ, ಒಮ್ಮೆ ಕಣ್ಣಿಟ್ಟು ನೋಡ್ರಿ.

ಭಾಗ 2

1721ರಲ್ಲಿ ಇಟಲಿಯ ವೈದ್ಯ ಆಂಟೋನಿಯೊ ವಲ್ಲಿಸ್ನೇರಿ ಮಕ್ಕಳಾಗದ ಒಬ್ಬ ರೈತ ಹೆಂಗಸಿನ ಬಗ್ಗೆ ಬರೆದ. ತುಸು ದಪ್ಪ ಮೈ. ಅಂಡಾಶಯಗಳು ದೊಡ್ಡವು, ಉಬ್ಬುತಗ್ಗು, ಬಿಳಿ ಹೊಳಪು, ಪಾರಿವಾಳದ ತತ್ತಿಯಂತೆ. ಆಕೆಯ ಹೆಸರು ಯಾರೂ ಬರೆದಿಡಲಿಲ್ಲ.

ಆಮೇಲೆ 1935. ಷಿಕಾಗೋದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಏಳೇ ಏಳು ಹೆಂಗಸರ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಮುಟ್ಟು ನಿಂತಿತ್ತು, ಎರಡೂ ಅಂಡಾಶಯ ಊದಿದ್ದವು. ಎಲ್ಲರೂ ದಪ್ಪ ಇರಲಿಲ್ಲ, ಇದನ್ನ ನೆನಪಿಟ್ಟುಕೊಳ್ರಿ. ಹೊಟ್ಟೆ ಕೊಯ್ದು ಅಂಡಾಶಯದ ಒಂದು ಭಾಗ ಕತ್ತರಿಸಿ ತೆಗೆದರು. ಏಳೂ ಮಂದಿಗೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯಾದರು. ಯಾಕೆ ಹಂಗಾಯ್ತು ಅನ್ನೋದು ಸ್ಪಷ್ಟವಾಗದಿದ್ದರೂ ಮುಂದೆ ದಶಕಗಟ್ಟಲೆ ಆ ಕೊಯ್ತವೇ ಚಿಕಿತ್ಸೆ ಆಯ್ತು.

ಕಾರಣದ ಎಳೆ ಬೇರೆ ಕಡೆ ಸಿಕ್ಕಿತ್ತು. 1921ರಲ್ಲಿ ಫ್ರಾನ್ಸಿನ ಅಷಾರ್ ಮತ್ತು ತಿಯೆರ್ಸ್ ‘ಗಡ್ಡದ ಹೆಂಗಸರ ಸಕ್ಕರೆ ಕಾಯಿಲೆ’ ಬಗ್ಗೆ ಬರೆದಿದ್ದರು (ಹೆಸರು ಕೇಳಿದ್ರೇ ಸಿಟ್ಟು ಬರ್ತದ). ಇನ್ಸುಲಿನ್‌ಗೂ ಪಿಸಿಓಎಸ್‌ಗೂ ಇರೋ ನಂಟನ್ನು ಅಮೆರಿಕದ ಸಂಶೋಧಕರು ಅಳೆದು ತೋರಿಸಿದ್ದು 1980ರಲ್ಲಿ. ಸರಳವಾಗಿ ಹೇಳೋದಾದ್ರೆ ಹಿಂಗ: ಮೈ ಇನ್ಸುಲಿನ್ ಮಾತು ಸರಿಯಾಗಿ ಕೇಳೋದಿಲ್ಲ, ಹಂಗಾಗಿ ದೇಹ ಇನ್ನಷ್ಟು ಇನ್ಸುಲಿನ್ ಬಿಡ್ತದ. ಆ ಹೆಚ್ಚಿನ ಇನ್ಸುಲಿನ್ ಅಂಡಾಶಯಕ್ಕೆ ಗಂಡು ಹಾರ್ಮೋನ್ ಜಾಸ್ತಿ ಮಾಡು ಅಂತ ಚುಚ್ಚತದ. ತತ್ತಿ ಬೆಳೆಯೋ ಕೋಶಗಳು ಅರ್ಧಕ್ಕೆ ನಿಲ್ಲತಾವ. ಸ್ಕ್ಯಾನಿನಲ್ಲಿ ಕಾಣೋ ‘ಗಡ್ಡೆ’ ಅವೇ. ಅವು ಗಡ್ಡೆ ಅಲ್ಲ, ಅರ್ಧ ದಾರಿಯಲ್ಲಿ ನಿಂತ ಕೋಶಗಳು. ರಿಪೋರ್ಟ್ ಓದಿ ‘ಹೊಟ್ಯಾಗ ಗಡ್ಡೆ ಆಗ್ಯಾವ’ ಅಂತ ಅಳೋ ಮನೆಗಳಿಗೆ ಇಷ್ಟು ಹೇಳಿದ್ರೂ ಸಾಕು.

ಭಾಗ 3

ಈಗ ತೂಕದ ಮಷೀನ್. ಐದು ಅಡಿ ಎತ್ತರ, 70 ಕೆ.ಜಿ. ತೂಕ ಅಂದ್ರ ಬಿಎಂಐ ಸುಮಾರು 30. ಡಾಕ್ಟರ್ ಚೀಟಿಯ ತಲೆ ಮೇಲೆ ಮೊದಲು ಬೀಳೋದು ಇದೇ ಅಂಕಿ. ಇದನ್ನ ಮಾಡಿದ್ದು ಯಾರು? ವೈದ್ಯ ಅಲ್ಲ. ಬೆಲ್ಜಿಯಂನ ಅಡಾಲ್ಫ್ ಕೆಟಲೆ, ಖಗೋಳ ವಿಜ್ಞಾನಿ. 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ ಹೆಂಗಿರ್ತಾನ ಅಂತ ಲೆಕ್ಕ ಹಾಕ್ತಿದ್ದ. ತೂಕ ಎತ್ತರದ ವರ್ಗಕ್ಕೆ ತಕ್ಕಂತೆ ಏರ್ತದ ಅಂತ ಕಂಡ, ಅಷ್ಟೇ. ಒಬ್ಬ ಹೆಂಗಸಿಗೆ ಮಗು ಆಗ್ತದೋ ಇಲ್ಲೋ ಅನ್ನೋದು ಅವನ ತಲೆಯಲ್ಲೇ ಇರಲಿಲ್ಲ.

1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ಟ. ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಜನರ ಅಳತೆ ಅವನ ಆಧಾರ. ಎಲ್ಲರೂ ಗಂಡಸರು! ಆ ಐದರಲ್ಲಿ ಭಾರತ ಇಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ 23 ದಾಟಿದರೇ ಎಚ್ಚರ ಬೇಕು ಅಂದರು, ಯಾಕಂದ್ರ ನಮ್ಮಲ್ಲಿ ಕಡಿಮೆ ತೂಕದಲ್ಲೂ ಹೊಟ್ಟೆ ಸುತ್ತ ಕೊಬ್ಬು, ಸಕ್ಕರೆ ಕಾಯಿಲೆ ಬರ್ತದ. ಹಂಗಂತ ಅಂಕಿ ಪೂರಾ ಸುಳ್ಳು ಅಂತ ನಾನು ಹೇಳ್ತಿಲ್ಲ. ತೂಕ ಹೆಚ್ಚಿದ್ರ ತತ್ತಿ ಬಿಡುಗಡೆ ಕಷ್ಟ ಆಗ್ತದ, ಗರ್ಭ ನಿಂತ ಮೇಲೂ ಸಕ್ಕರೆ, ಬಿಪಿ ಭಯ ಹೆಚ್ಚು. ಆದರೆ 70 ಕೆ.ಜಿ.ಯಾಕಿ 50ಕ್ಕೆ ಇಳೀಬೇಕಿಲ್ಲ. ನೂರಕ್ಕೆ ಐದರಷ್ಟು, ಅಂದ್ರ ಮೂರೂವರೆ ಕೆ.ಜಿ. ಇಳಿದರೂ ಎಷ್ಟೋ ಮಂದಿಗೆ ಮುಟ್ಟು ಸರಿಹೋಗಿದ್ದು ಉಂಟು. ‘ಮೊದಲು ತೂಕ ಇಳಿಸಿ ಬಾ’ ಅಂತ ಬೈದು ಕಳಿಸೋದಕ್ಕೂ ‘ಮೂರೂವರೆ ಕೆ.ಜಿ. ಪ್ರಯತ್ನ ಮಾಡೋಣ, ಚಿಕಿತ್ಸೆಯೂ ಮಾಡೋಣ’ ಅನ್ನೋದಕ್ಕೂ ಭಾಳ ಫರಕ್ ಅದ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ತೂಕದ ಹೆಸರಲ್ಲಿ ಅವಮಾನ ಮಾಡೋದನ್ನೂ ಒಂದು ಸಮಸ್ಯೆ ಅಂತಲೇ ಬರೆದದ.

ನಮ್ಮ ತಾಟಿನ ಇತಿಹಾಸ ಒಂದು ಸಾಲು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗೀತು. ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ಕಡೆ ಹರೀತು, ಜ್ವಾಳದ ಹೊಲ ಭತ್ತದ ಗದ್ದೆ ಆದವು. ಹಸಿವು ಕಂಡ ಸೀಮೆಗೆ ಅನ್ನ ಬಂದಿದ್ದು ದೊಡ್ಡದು, ಅದನ್ನ ಬೈಯೋ ಹಕ್ಕು ನನಗಿಲ್ಲ. ಆದ್ರ ಮೂರು ಹೊತ್ತು ಅನ್ನ, ಕೆಲಸ ಕುಂತಲ್ಲೇ, ಸಂಜೆ ಮಿರ್ಚಿ ಭಜಿ. ಇನ್ಸುಲಿನ್‌ಗೆ ಇದು ಹಗುರ ಅಲ್ಲ. (ರೊಟ್ಟಿ ತಿಂದರೆ ಪಿಸಿಓಎಸ್ ಓಡಿಹೋಗ್ತದ ಅನ್ನೋ ರೀಲ್ಸ್ ಕೂಡ ನಂಬಬ್ಯಾಡ್ರಿ.)

ಭಾಗ 4

ಗುಳಿಗೆ ಕಥೆಯಲ್ಲಿ ನಮ್ಮ ಸರ್ಕಾರವೂ ಬರ್ತದ. ಕ್ಲೋಮಿಫೀನ್ ಅನ್ನೋ ಔಷಧ ಇಲಿಗಳಲ್ಲಿ ಗರ್ಭ ತಡೀತಿತ್ತು. ಹೆಂಗಸರಲ್ಲಿ ಉಲ್ಟಾ, ತತ್ತಿ ಬಿಡಿಸ್ತು! 1961ರಲ್ಲಿ ಗ್ರೀನ್‌ಬ್ಲಾಟ್ ಈ ಫಲಿತಾಂಶ ಪ್ರಕಟಿಸಿದ, 1967ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹೊಟ್ಟೆ ಕೊಯ್ಯೋ ಬದಲು ಐದು ದಿನದ ಗುಳಿಗೆ.

2001ರಲ್ಲಿ ಕೆನಡಾದ ಮಿಟ್ವಾಲಿ, ಕ್ಯಾಸ್ಪರ್ ಸ್ತನ ಕ್ಯಾನ್ಸರ್ ಔಷಧ ಲೆಟ್ರೊಝೋಲ್ ಕೂಡ ತತ್ತಿ ಬಿಡಿಸ್ತದ ಅಂತ ತೋರಿಸಿದರು. 2005ರಲ್ಲಿ ಒಂದು ವೈದ್ಯ ಸಮ್ಮೇಳನದಲ್ಲಿ ಮಂಡಿಸಿದ ಸಣ್ಣ ವರದಿ ‘ಮಕ್ಕಳಿಗೆ ಅಂಗದೋಷ ಬರಬಹುದು’ ಅಂದಿತು. ಮರುವರ್ಷವೇ 911 ಶಿಶುಗಳನ್ನು ನೋಡಿದ ದೊಡ್ಡ ಅಧ್ಯಯನಕ್ಕೆ ಅಂಥ ಹೆಚ್ಚಳ ಕಾಣಲಿಲ್ಲ. ಆದರೂ 2011ರ ಅಕ್ಟೋಬರ್‌ನಲ್ಲಿ ಭಾರತ ಸರ್ಕಾರ ಬಂಜೆತನದ ಚಿಕಿತ್ಸೆಗೆ ಲೆಟ್ರೊಝೋಲ್ ಬಳಸೋದನ್ನು ನಿಷೇಧಿಸಿತು.

2014ರಲ್ಲಿ ಅಮೆರಿಕದಿಂದ ಪಿಸಿಓಎಸ್ ಇದ್ದ 750 ಹೆಂಗಸರ ಪರೀಕ್ಷೆ ಬಂತು. ಲೆಟ್ರೊಝೋಲ್ ತಗೊಂಡವರಲ್ಲಿ 27.5 ಪ್ರತಿಶತ ಜನಕ್ಕೆ ಮಗು ಹುಟ್ಟಿತು, ಕ್ಲೋಮಿಫೀನ್ ತಗೊಂಡವರಲ್ಲಿ 19.1. ಬಿಎಂಐ ಹೆಚ್ಚಿದ್ದವರಲ್ಲೇ ಈ ಅಂತರ ಎದ್ದು ಕಾಣ್ತಿತ್ತು. ನಮ್ಮಲ್ಲಿ ನಿಷೇಧ ತೆಗೆದಿದ್ದು 2017ರಲ್ಲಿ. ನಡುವಿನ ಆ ವರ್ಷಗಳಲ್ಲಿ ಮದುವೆಯಾದ ನಮ್ಮ ಅಕ್ಕಂದಿರಿಗೆ ಕಾನೂನು ಪ್ರಕಾರ ಆ ಗುಳಿಗೆ ಕೊಡೋ ಹಂಗೇ ಇರಲಿಲ್ಲ. ಅವರಲ್ಲಿ ಎಷ್ಟು ಮಂದಿ ಅರಳಿಕಟ್ಟೆಯ ನಾಗರಕಲ್ಲು ಸುತ್ತುತ್ತ, ತೊಟ್ಟಿಲು ಕಟ್ಟುತ್ತ, ತಮ್ಮ ಹಣೆಬರಹವನ್ನ ಬೈಕೊಂಡರೋ. ಇವತ್ತು ಪಿಸಿಓಎಸ್‌ನಲ್ಲಿ ತತ್ತಿ ಬಿಡಿಸಲು ಮೊದಲು ಕೊಡಬೇಕಾದ ಗುಳಿಗೆ ಲೆಟ್ರೊಝೋಲೇ. ಡಾಕ್ಟರ್ ಹೇಳದೆ ಮೆಡಿಕಲ್ ಶಾಪಿನಿಂದ ತಂದು ನುಂಗೋ ಗುಳಿಗೆ ಮಾತ್ರ ಅಲ್ಲ ಅದು.

ಭಾಗ 5, ಕೊನೇದು

ದಾರಿ. 2002ರ ನಂಜುಂಡಪ್ಪ ಸಮಿತಿ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಇಟ್ಟಿತ್ತು. ರಾಯಚೂರಿಗೆ ಸರ್ಕಾರಿ ಮೆಡಿಕಲ್ ಕಾಲೇಜು, ನಮ್ಮ ರಿಮ್ಸ್, ಬಂದಿದ್ದು 2007ರಲ್ಲಿ. ಸ್ಕ್ಯಾನ್, ಸಕ್ಕರೆ, ಥೈರಾಯ್ಡ್ ಪರೀಕ್ಷೆ, ಗುಳಿಗೆ, ಇವಕ್ಕೆ ಬೆಂಗಳೂರು, ಹೈದರಾಬಾದ್ ಬಸ್ ಹತ್ತಬೇಕಿಲ್ಲ. ಆದ್ರ ಮೊದಲ ದಿನವೇ ಐವಿಎಫ್ ಬೋರ್ಡಿನ ಕೆಳಗೆ ಹೋಗಿ ನಿಲ್ಲೋರು ಅದಾರ, ಹೊಲ ಒತ್ತೆ ಇಟ್ಟು. ಪಿಸಿಓಎಸ್ ಒಂದೇ ತೊಂದರೆ ಆಗಿದ್ರೆ ಐವಿಎಫ್ ಮೊದಲ ಮೆಟ್ಟಿಲಲ್ಲ, ಗುಳಿಗೆ ಮತ್ತು ಇಂಜೆಕ್ಷನ್ ಸೋತ ಮೇಲಿನ ಮಾತು. ಅಲ್ಲಿಗೇ ಹೋಗಬೇಕಾಗಿ ಬಂದರೆ 2021ರ ಎಆರ್‌ಟಿ ಕಾಯ್ದೆ ಅದ: ಕ್ಲಿನಿಕ್ ನೋಂದಣಿ ಆಗಿರಲೇಬೇಕು, ಇಬ್ಬರ ಲಿಖಿತ ಒಪ್ಪಿಗೆ ಬೇಕು. ನೋಂದಣಿ ಪತ್ರ ತೋರಿಸ್ರಿ ಅಂತ ಕೇಳೋದಕ್ಕೆ ನಾಚಬ್ಯಾಡ್ರಿ.

ಇನ್ನೊಂದು, ಹುಡುಗರು ಓದ್ರಿ ಇದನ್ನ. ಹಾಲೆಂಡಿನ ಲೇವೆನ್‌ಹುಕ್ ಸೂಕ್ಷ್ಮದರ್ಶಕದ ಕೆಳಗೆ ವೀರ್ಯಾಣು ನೋಡಿದ್ದು 1677ರಲ್ಲಿ. ವಲ್ಲಿಸ್ನೇರಿ ಆ ರೈತ ಹೆಂಗಸಿನ ಬಗ್ಗೆ ಬರೆಯೋದಕ್ಕಿಂತ 44 ವರ್ಷ ಮೊದಲು. ಗಂಡಿನ ಪಾಲು ಅಷ್ಟು ಹಿಂದೆಯೇ ಕಣ್ಣಿಗೆ ಕಂಡದ. ಆದ್ರೂ ಇವತ್ತು ಮಾನ್ವಿಯಿಂದ ಬರೋ ಜೋಡಿಯಲ್ಲಿ ವರ್ಷಗಟ್ಟಲೆ ಸ್ಕ್ಯಾನಿಗೆ ಮಲಗೋದು, ರಕ್ತ ಕೊಡೋದು, ತೂಕದ ಮಷೀನ್ ಹತ್ತೋದು ಆಕಿ. ಆತನ ಪರೀಕ್ಷೆಗೆ ಬೇಕಾದ್ದು ಒಂದು ಸಣ್ಣ ಡಬ್ಬಿ. ಕೊಯ್ಯೋದಿಲ್ಲ, ಚುಚ್ಚೋದಿಲ್ಲ. ಮೊದಲ ಭೇಟಿಯಲ್ಲೇ ಇಬ್ಬರ ಚೀಟಿ ಒಟ್ಟಿಗೆ ಬರೆಸ್ರಿ.

ಪ್ರಶ್ನೆ ಇದ್ರ ಕಾಮೆಂಟ್‌ನಲ್ಲಿ ಹಾಕಲು ಸಂಕೋಚ ಆದವರು ಮೆಸೇಜ್ ಮಾಡ್ರಿ. ಮುಂದಿನ ಸೀರೀಸ್ ಮುದಗಲ್ ಕೋಟೆ.