ಕಾವಲಿನ ಸೀಮೆಯಲ್ಲಿ ಗೋದಲಿ

ಕ್ರಿಸ್‌ಮಸ್‌ನ ಬೆರಗು ಮಾಸುತ್ತಿದೆ ಎಂಬ ಕೊರಗು ಕ್ರೈಸ್ತ ಮನೆಗಳಲ್ಲೇ ಕೇಳಿಬರುತ್ತದೆ. ಮಕ್ಕಳಿಗೆ ಅಚ್ಚರಿಯಾಗಲೆಂದು ಹತ್ತಿಯ ಹಿಮ, ಪ್ಲಾಸ್ಟಿಕ್ಕಿನ ಮರ, ಮಿಣುಕು ದೀಪಗಳು ವರ್ಷವರ್ಷವೂ ಹೆಚ್ಚುತ್ತವೆ, ಕೊರಗು ಮಾತ್ರ ಹಾಗೇ ಉಳಿಯುತ್ತದೆ. ಗೋದಲಿ ಕಟ್ಟುವ ಪದ್ಧತಿಯ ಹಳೆಯ ಕಥೆ ನೋಡಿದರೆ ಕಾರಣ ಹೊಳೆಯುತ್ತದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್‌ಮಸ್ ರಾತ್ರಿಯ ಪೂಜೆಗೆ ಸಿದ್ಧಮಾಡಿಸಿದ್ದು ಒಂದು ಗೋದಲಿ, ಒಂದಿಷ್ಟು ಒಣಹುಲ್ಲು, ಜೀವಂತ ಎತ್ತು ಮತ್ತು ಕತ್ತೆ, ಅಷ್ಟೆ. ಊರವರು ದಿನವೂ ಕಾಣುತ್ತಿದ್ದ ಪ್ರಾಣಿಗಳವು. ಅವುಗಳ ನಡುವೆ ದೇವರು ಹುಟ್ಟಿದನೆಂಬ ಹಳೆಯ ಮಾತು ಅವರಿಗೆ ಹೊಸದಾಗಿ ತಟ್ಟಿತು. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ಕ್ರೈಸ್ತರಿಗೂ ಆ ಬೆರಗು ಮರಳಿ ದಕ್ಕಬೇಕಾದರೆ ಬೇಕಾದದ್ದೆಲ್ಲ ಈ ನೆಲದ ಚರಿತ್ರೆಯಲ್ಲೇ ಇದೆ ಎಂಬುದು ನನ್ನ ವಾದ.

ಇದು ದನದ ಸೀಮೆ. ಚಿಕ್ಕದೇವರಾಜ ಒಡೆಯರ (1672–1704) ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಬೆಣ್ಣೆ ಚಾವಡಿಗೆ ಮುಂದೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಅದರ ದನಗಳ ಮೇವಿಗೆ ಮೀಸಲಾದ ಕಾವಲುಗಳು ಈ ಬಯಲಿನಲ್ಲೂ ಹರಡಿದ್ದವು: ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೆ ನೆರಳೂ ಕೆರೆಯಂಗಳವೂ ಇರುವ ಮತ್ತೊಂದು. 1799ರ ನಂತರ ಬ್ರಿಟಿಷರ ವಶವಾದ ಹಿಂಡನ್ನು 1860ರಲ್ಲಿ ಮಾರಿಹಾಕಿದರು. ಕೆಲವೇ ವರ್ಷಗಳಲ್ಲಿ ಎತ್ತು ಸಾಲದೆ ಮತ್ತೆ ಕಟ್ಟಬೇಕಾಯಿತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಶುರುವಾಯಿತು. ಈ ತಳಿಯ ಎತ್ತನ್ನು ಹತ್ತಿರದಿಂದ ನೋಡಬೇಕು. ಕಿರಿದಾದ ಉದ್ದ ಮುಖ, ಹಣೆಯ ನಡುವೆ ಇಳಿದ ಗೆರೆ, ನೆತ್ತಿಯಲ್ಲಿ ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೆದ್ದು ಚೂಪಾಗುವ ಕೊಂಬುಗಳು. ಕಾವಲಿನಲ್ಲಿ ಬೆಳೆದ ದನ ಹೊಸಬರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅಂಥ ದನ ಬಾಯಿಡುವ ಜಾಗದಲ್ಲಿ ಆಗತಾನೆ ಹುಟ್ಟಿದ ಕೂಸನ್ನು ಮಲಗಿಸಿದರೆಂದು ನೆನೆದಾಗ, ಗ್ರೀಟಿಂಗ್ ಕಾರ್ಡಿನ ನುಣುಪು ಹೋಗಿ ತಾಯಿಯ ದಿಗಿಲು ಅರ್ಥವಾಗುತ್ತದೆ.

ಲೂಕನ ಸುವಾರ್ತೆಯಲ್ಲಿ ಎತ್ತಿನ ಸುದ್ದಿಯೇ ಇಲ್ಲವಲ್ಲ ಎಂದು ಬಲ್ಲವರು ಕೇಳಬಹುದು. ನಿಜ, ಎತ್ತು ಕತ್ತೆಗಳು ಚಿತ್ರಕ್ಕೆ ಬಂದದ್ದು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ. ಆದರೆ ಗೋದಲಿಯನ್ನು ಲೂಕ ಒಂದೇ ಅಧ್ಯಾಯದಲ್ಲಿ ಮೂರು ಸಲ ಹೇಳುತ್ತಾನೆ, ಮತ್ತು ದನವಿಲ್ಲದೆ ಗೋದಲಿಗೆ ಕೆಲಸವೇನು? ಬಯಲುಸೀಮೆಯ ಹಳೆಯ ಮನೆಗಳಲ್ಲಿ ಮನುಷ್ಯರೂ ದನಗಳೂ ಒಂದೇ ಸೂರಿನಡಿ ಇದ್ದರು. ಪ್ಯಾಲೆಸ್ತೀನಿನ ಹಳ್ಳಿಮನೆಗಳೂ ಹಾಗೇ ಇದ್ದವು. ಅಮೃತ ಮಹಲ್ ಎಂದರೆ ಹೈದರ್, ಟಿಪ್ಪುವಿನ ಫಿರಂಗಿ ಎಳೆದ ಹಿಂಡು, ಶಾಂತಿಯ ಹಬ್ಬಕ್ಕೂ ಅದಕ್ಕೂ ಏನು ನಂಟು ಎಂಬ ಆಕ್ಷೇಪಣೆ ಇದಕ್ಕಿಂತ ತೂಕದ್ದು. ಆದರೆ ಯೇಸು ಹುಟ್ಟಿದ್ದೂ ದಂಡು ದರ್ಬಾರಿನ ನೆರಳಿನಲ್ಲೇ. ಚಕ್ರವರ್ತಿ ಔಗುಸ್ತನ ಖಾನೇಷುಮಾರಿಗೆ ಹೆಸರು ಬರೆಸಲು ಹೊರಟ ಬಸುರಿ ಬೆಥ್ಲೆಹೇಮಿನಲ್ಲಿ ಹೆತ್ತಳು. ಬೆಣ್ಣೆಗಾಗಿ ಶುರುವಾಗಿ, ಫಿರಂಗಿಗೆ ಕಟ್ಟಿಸಿಕೊಂಡು, ಕೊನೆಗೆ ರೈತನ ನೊಗಕ್ಕೆ ಬಂದ ಈ ತಳಿಗಿಂತ ಚೆನ್ನಾಗಿ ಆ ಶಾಂತಿಯ ಬೆಲೆಯನ್ನು ಯಾವ ಅಲಂಕಾರ ಹೇಳೀತು? ಊರ ವೇಷ ತೊಡಿಸಿದರೆ ನಂಬಿಕೆ ಸಡಿಲಾಗುತ್ತದೆಂದು ಅಂಜುವವರು ಕನ್ನಡ ನಿಘಂಟು ಬರೆದ ಮಿಷನರಿ ಕಿಟೆಲ್ಲರನ್ನು ನೆನೆಯಲಿ. ನಿಘಂಟಿಗಿಂತ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಅವರು ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದ್ದರು. ಅದರಿಂದ ಅವರ ನಂಬಿಕೆಗೆ ಕುಂದೇನೂ ಬರಲಿಲ್ಲ.

ಇನ್ನು ಯೇಸು ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದು ಕುರಿ ಕಾಯುವವರಿಗೆ. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿ, ಕಂಬಳಿ ಹೊದ್ದು ರಾತ್ರಿ ಕಾಯುವವರು ಈ ಬಯಲಿಗೆ ಹೊಸಬರಲ್ಲ. ಸಂಡೇ ಸ್ಕೂಲಿನ ನಾಟಕದಲ್ಲಿ ಕುರುಬನಾಗುವ ಹುಡುಗನಿಗೆ ಅರಬರ ರುಮಾಲು ಬಿಟ್ಟು ಕರಿ ಕಂಬಳಿ ಹೊದಿಸಿ ನೋಡಲಿ. ಆಗ ಅವನು ಕೇಳಿಯೇ ಕೇಳುತ್ತಾನೆ: ಎಲ್ಲರೂ ಬೆಥ್ಲೆಹೇಮಿಗೆ ಓಡಿದ ಮೇಲೆ ಆ ರಾತ್ರಿ ಕುರಿಗಳನ್ನು ಕಾಯ್ದವರು ಯಾರು? ಲೂಕ ಅದನ್ನು ಬರೆದಿಲ್ಲ, ದೊಡ್ಡವರಿಗೆ ಕೇಳಬೇಕೆಂದು ತೋಚಿಯೂ ಇಲ್ಲ.